ಮನೆಯ ಇಂಟರ್ನೆಟ್ ನಿಂತಾಗ

ಡೊಂಬಿವಲಿಯ ಹಳೆಯ ಬೀದಿಗಳಲ್ಲಿ ತಲೆಯೆತ್ತಿ ನೋಡಿದವರಿಗೆ ಒಂದು ಕಟ್ಟಡದ ತಾರಸಿಯಿಂದ ಮತ್ತೊಂದರ ತಾರಸಿಗೆ, ನಡುವೆ ಸಿಕ್ಕಿದ ಮರದ ಕೊಂಬೆಯನ್ನೂ ಆಸರೆಯಾಗಿಸಿಕೊಂಡು, ಹಬ್ಬಿರುವ ಕಪ್ಪು ತಂತಿಗಳ ಬಲೆಯೊಂದು ಕಾಣಸಿಗುವುದು. ಅವುಗಳಲ್ಲಿ ಅನೇಕವು ಹೆಸರಿಗೆ ಮಾತ್ರ ತಂತಿಗಳು. ಒಳಗಿರುವುದು ತಾಮ್ರವಲ್ಲ, ಗಾಜು. ಮಿಲಿಮೀಟರಿನ ಎಂಟನೆಯ ಒಂದು ಪಾಲಿನಷ್ಟು ದಪ್ಪದ ಎಳೆ. ಇಂತಹ ಎಳೆಯಲ್ಲಿ ಬೆಳಕಿನ ಮೂಲಕ ಬಹುದೂರ ಸಂದೇಶ ಕಳುಹಿಸಬಹುದೆಂದು ಚಾರ್ಲ್ಸ್ ಕಾವೋ ಎಂಬ ವಿಜ್ಞಾನಿ ೧೯೬೬ರಲ್ಲಿ ಪ್ರತಿಪಾದಿಸಿದರು; ಅದಕ್ಕಾಗಿ ೨೦೦೯ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು. ಆ ಗಾಜಿನ ಎಳೆಯೇ ಇಂದು ಠಾಣೆ, ಕಲ್ಯಾಣಗಳಲ್ಲಿಯೂ ನವಿ ಮುಂಬಯಿಯಲ್ಲಿಯೂ ನಮ್ಮವರ ಮನೆಗಳ ಹೊಸ್ತಿಲು ದಾಟಿ ಬಂದಿದೆ.

ಅದು ಕಡಿದಾಗ ನಿಲ್ಲುವುದು ಬರಿಯ ಮನರಂಜನೆಯಲ್ಲ. ೨೦೨೦ರ ಮಹಾಮಾರಿಯ ತರುವಾಯ ವಾರಕ್ಕೆ ಕೆಲವು ದಿನಗಳಾದರೂ ಮನೆಯಲ್ಲಿ ಕುಳಿತೇ ಕಚೇರಿಯ ಕೆಲಸ ಮಾಡುವ ತರುಣರಿಗೆ ಲೋಕಲ್ ಗಾಡಿಯ ನೂಕುನುಗ್ಗಲಿನಿಂದ ದೊರೆತ ಬಿಡುವು ಈ ಎಳೆಯನ್ನೇ ನೆಚ್ಚಿಕೊಂಡಿದೆ. ಊರಿನಲ್ಲಿ ಒಬ್ಬಂಟಿಯಾಗಿರುವ ತಾಯಿ ಮೊಮ್ಮಕ್ಕಳ ಮುಖವನ್ನು ಕಾಣುವುದೂ ಇದರಿಂದಲೇ. ಆದುದರಿಂದ ಸಂಪರ್ಕ ಕೆಟ್ಟೊಡನೆ ಗಾಬರಿಗೊಂಡು ಹೊಸ ರೂಟರ್ ಕೊಳ್ಳುವವರೂ ಹೆಚ್ಚಿನ ವೇಗದ ಯೋಜನೆಗೆ ಹಣ ತೆರುವವರೂ ನಮ್ಮಲ್ಲಿ ಬಹಳ. ದೋಷವು ಬೇರೆಡೆಯಲ್ಲಿದ್ದರೆ ಈ ವೆಚ್ಚವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆಯೇ ಸರಿ.

ದೋಷವಿರಬಹುದಾದ ಎಡೆಗಳು ಮೂರು: ಹೊರಗಿನಿಂದ ಬರುವ ಎಳೆ, ಮನೆಯೊಳಗಿನ ಪೆಟ್ಟಿಗೆ, ಪೆಟ್ಟಿಗೆಯಿಂದ ಫೋನಿನವರೆಗಿನ ಗಾಳಿ. ಯಾವುದೆಂದು ನಿಶ್ಚಯಿಸಿಕೊಳ್ಳದೆ ಕಿಸೆಗೆ ಕೈಹಾಕಬಾರದು.

ಹೊರಗಿನ ಎಳೆಯ ಕ್ಷೇಮಸಮಾಚಾರವನ್ನು ಪೆಟ್ಟಿಗೆಯ ದೀಪಗಳೇ ತಿಳಿಸುತ್ತವೆ. ಫೈಬರ್ ಮೋಡೆಮಿನಲ್ಲಿ ‘ಪಿ.ಓ.ಎನ್.’ ಎಂಬ ದೀಪ ಅಲುಗದೆ ಹಸುರಾಗಿ ಉರಿಯುತ್ತಿದ್ದರೆ ಹೊರಗಿನ ಬೆಳಕು ಸರಿಯಾಗಿ ಬರುತ್ತಿದೆ ಎಂದರ್ಥ. ‘ಎಲ್.ಓ.ಎಸ್.’ ಎಂಬುದು ಕೆಂಪಾಗಿ ಬೆಳಗಿದರೆ ಅಥವಾ ಮಿಣುಕಿದರೆ ಬೆಳಕು ನಿಂತಿದೆ, ಇಲ್ಲವೆ ತೀರ ಕ್ಷೀಣಿಸಿದೆ. ಆಗ ಪೆಟ್ಟಿಗೆಯನ್ನು ಹತ್ತು ಸಲ ಆರಿಸಿ ಹೊತ್ತಿಸಿದರೂ ಪ್ರಯೋಜನವಿಲ್ಲ. ಎಳೆಯು ಬಾಗಿಲಿನ ಸಂದಿಯಲ್ಲಾಗಲಿ ಕಪಾಟಿನ ಹಿಂದಾಗಲಿ ಮಡಚಿಕೊಂಡಿದೆಯೇ ಎಂದು ಮಾತ್ರ ನೋಡಬಹುದು. ಗಾಜಿನ ಎಳೆಯನ್ನು ತೀರ ಬಗ್ಗಿಸಿದಲ್ಲಿ ಬೆಳಕು ಹೊರಕ್ಕೆ ಸೋರಿಹೋಗುತ್ತದೆ. ಕಳಚಿದ ತುದಿಯೊಳಕ್ಕೆ ಕಣ್ಣಿಟ್ಟು ನೋಡುವುದು ಸರ್ವಥಾ ಕೂಡದು. ಆ ಬೆಳಕು ಕಣ್ಣಿಗೆ ಕಾಣದ ಲೇಸರ್ ಕಿರಣ.

ಮಳೆಗಾಲದಲ್ಲಿ ಮರ ಉರುಳಿದಾಗ, ರಸ್ತೆ ಅಗೆದಾಗ, ಸೊಸೈಟಿಯ ಗೋಡೆಗೆ ಬಣ್ಣ ಬಳಿಯುವವರು ಬಿದಿರಿನ ಅಟ್ಟಣೆ ಕಟ್ಟಿದಾಗ ಎಳೆಗಳು ಕಡಿಯುವುದು ಇಲ್ಲಿನ ನಿತ್ಯದ ಕತೆ. ಅದು ಕಂಪೆನಿಯವರೇ ಸರಿಪಡಿಸಬೇಕಾದ ಕೆಲಸ. ಪರಿಚಯದ ಕೇಬಲ್‌ವಾಲಾನಿಗೆ ಫೋನಿನಲ್ಲಿ ಹೇಳಿ ಸುಮ್ಮನಾಗದೆ, ಕಂಪೆನಿಯ ದೂರು ಕೇಂದ್ರದಲ್ಲಿ ದೂರು ದಾಖಲಿಸಿ ಅದರ ಸಂಖ್ಯೆಯನ್ನು ಪಡೆದಿಡಬೇಕು. ಟ್ರಾಯ್ ಪ್ರಾಧಿಕಾರವು ೨೦೧೨ರಲ್ಲಿ ಮಾಡಿದ ನಿಯಮದಂತೆ, ದೂರಿಗೆ ಪರಿಹಾರ ದೊರೆಯದವರು ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ದೂರಿನ ಸಂಖ್ಯೆಯಿಲ್ಲದೆ ಆ ಬಾಗಿಲು ತೆರೆಯುವುದು ಕಷ್ಟ.

ಪೆಟ್ಟಿಗೆಯ ವಿಷಯದಲ್ಲಿ ಹೇಳತಕ್ಕದ್ದು ಸ್ವಲ್ಪವೇ. ಅದೂ ಒಂದು ಸಣ್ಣ ಗಣಕಯಂತ್ರ. ವಾರಗಟ್ಟಲೆ ಉರಿದು ಮಂಕಾದಾಗ ವಿದ್ಯುತ್ತನ್ನು ಆರಿಸಿ, ಅರ್ಧ ನಿಮಿಷ ಬಿಟ್ಟು ಹೊತ್ತಿಸಿದರೆ ಚೇತರಿಸಿಕೊಳ್ಳುವುದುಂಟು. ತಾನಾಗಿಯೇ ಪದೇ ಪದೇ ಆರಿ ಹೊತ್ತುತ್ತಿದ್ದರೆ ಮೊದಲು ಶಂಕಿಸಬೇಕಾದುದು ಅದರ ಅಡಾಪ್ಟರನ್ನು. ಅದನ್ನು ಬದಲಿಸುವಾಗ ಹಳೆಯದರ ಮೇಲೆ ಬರೆದ ವೋಲ್ಟೇಜಿನದನ್ನೇ, ಆಂಪಿಯರ್ ಅದಕ್ಕಿಂತ ಕಡಿಮೆಯಿಲ್ಲದುದನ್ನೇ ತರಬೇಕು. ಇನ್ನು, ಹಿಂಬದಿಯಲ್ಲಿ ಸೂಜಿಯಿಂದ ಒತ್ತುವ ‘ರೀಸೆಟ್’ ಎಂಬ ಸಣ್ಣ ರಂಧ್ರವೊಂದಿದೆ. ಇದು ಪುನರಾರಂಭದ ಗುಂಡಿಯಲ್ಲ. ಕೆಲಹೊತ್ತು ಒತ್ತಿ ಹಿಡಿದರೆ ಕಂಪೆನಿಯವರು ಒಳಗೆ ತುಂಬಿಸಿದ ವಿವರಗಳೆಲ್ಲ ಅಳಿಸಿಹೋಗುತ್ತವೆ. ಅಲ್ಪಸ್ವಲ್ಪ ಕೆಟ್ಟಿದ್ದ ಸಂಪರ್ಕ ಪೂರ್ತಿ ನಿಂತು, ತಂತ್ರಜ್ಞನ ದಾರಿ ಕಾಯುವ ಸ್ಥಿತಿ ಬರುತ್ತದೆ.

ದೀಪಗಳೆಲ್ಲ ಸರಿಯಾಗಿದ್ದೂ ವೇಗ ಕುಂಠಿತವಾಗಿದ್ದರೆ ಒಂದು ಪರೀಕ್ಷೆ ಮಾಡಬೇಕು. ಲ್ಯಾಪ್‌ಟಾಪನ್ನು ರೂಟರಿಗೆ ಕೇಬಲಿನಿಂದ ನೇರವಾಗಿ ಜೋಡಿಸಿ ವೇಗವನ್ನು ಅಳೆಯುವುದು. ಕೇಬಲಿನಲ್ಲಿ ಪೂರ್ಣ ವೇಗ ಬಂದು ಗಾಳಿಯಲ್ಲಿ ಬಾರದಿದ್ದರೆ ಹೊರಗಿನ ಎಳೆ ನಿರ್ದೋಷಿ. ಕಂಪೆನಿಯನ್ನು ಬೈದು ಫಲವಿಲ್ಲ. ಅಳೆಯುವಾಗ ಒಂದು ಎಚ್ಚರ: ಯೋಜನೆಯ ನೂರು ಎಂಬುದು ಮೆಗಾಬಿಟ್. ಕಡತವೊಂದು ಇಳಿಯುವಾಗ ತೋರುವುದು ಸಾಮಾನ್ಯವಾಗಿ ಮೆಗಾಬೈಟ್. ಎಂಟು ಬಿಟ್‌ಗೆ ಒಂದು ಬೈಟ್ ಆದುದರಿಂದ ಅಲ್ಲಿ ಹನ್ನೆರಡೂವರೆ ಕಂಡರೆ ಯಾರೂ ಮೋಸ ಮಾಡಿಲ್ಲವೆಂದು ತಿಳಿಯಬೇಕು.

ನಮ್ಮ ನಗರಗಳಲ್ಲಿ ಬಹುಪಾಲು ತಕರಾರು ಹುಟ್ಟುವುದು ಈ ಗಾಳಿಯಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ. ವೈಫೈಗೆ ಸಾಮಾನ್ಯವಾಗಿ ಎರಡು ಹಾದಿಗಳುಂಟು, ೨.೪ ಮತ್ತು ೫ ಗಿಗಾಹರ್ಟ್ಸ್. ಮೊದಲನೆಯದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: ೧, ೬, ೧೧. ವಾಶಿ, ನೆರೂಲಿನಂತಹ ಕಡೆ ಒತ್ತೊತ್ತಾಗಿರುವ ಮನೆಗಳಲ್ಲಿ ಫೋನು ತೆರೆದರೆ ನೆರೆಹೊರೆಯವರ ಹತ್ತಾರು ವೈಫೈ ಹೆಸರುಗಳು ಸಾಲುಗಟ್ಟುತ್ತವೆ. ಅವೆಲ್ಲ ಆ ಮೂರರಲ್ಲಿಯೇ ಹಂಚಿಕೊಂಡು, ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರಂತೆ ಸರದಿ ಕಾಯುತ್ತವೆ. ರಾತ್ರಿ ಎಲ್ಲರೂ ಮನೆ ಸೇರಿದ ಮೇಲೆ ವೇಗ ಕುಸಿಯುವುದಕ್ಕೆ ಇದೂ ಒಂದು ಕಾರಣ. ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ ಇದೇ ಹಾದಿಯಲ್ಲಿ. ಅನ್ನ ಬಿಸಿಯಾಗುವಷ್ಟು ಹೊತ್ತು ಮಗನ ಮೀಟಿಂಗು ತಡವರಿಸಿದರೆ ಅಚ್ಚರಿಯಿಲ್ಲ.

೫ ಗಿಗಾಹರ್ಟ್ಸಿನ ಹಾದಿ ವಿಶಾಲವಾದುದು. ಆದರೆ ಗೋಡೆ ಎಂದರೆ ಅದಕ್ಕೆ ಅಂಜಿಕೆ. ಠಾಣೆಯ ಘೋಡ್‌ಬಂದರ್ ರಸ್ತೆಯಂತಹ ಕಡೆ ಏಳುತ್ತಿರುವ ಗಗನಚುಂಬಿಗಳಲ್ಲಿ ಒಳಗೋಡೆಗಳನ್ನೂ ಕಬ್ಬಿಣದ ಸರಳಿನ ಕಾಂಕ್ರೀಟಿನಿಂದ ಎರಕ ಹೊಯ್ಯುವ ಪದ್ಧತಿ ಬಂದಿದೆ. ಅಂತಹ ಎರಡು ಗೋಡೆ ದಾಟುವಷ್ಟರಲ್ಲಿ ಅಲೆ ಬಳಲಿಹೋಗುತ್ತದೆ. ಹೀಗಾಗಿ ರೂಟರಿನ ಕೋಣೆಯಲ್ಲಿಯೇ ಕುಳಿತವರು ೫ನ್ನೂ ಗೋಡೆಯಾಚೆಯವರು ೨.೪ನ್ನೂ ಆರಿಸಿಕೊಳ್ಳುವುದು ಲೇಸು.

ಇಷ್ಟಾಗಿಯೂ ಪೆಟ್ಟಿಗೆಯನ್ನು ಕೂರಿಸುವುದೆಲ್ಲಿ? ಎಳೆ ಎಳೆಯಲು ಬಂದವನಿಗೆ ಅನುಕೂಲವೆಂದು ಮುಂಬಾಗಿಲ ಬಳಿ, ಚಪ್ಪಲಿಗೂಡಿನ ಮೇಲೆ, ಇಲ್ಲವೆ ಟಿ.ವಿ.ಯ ಹಿಂದೆ. ಅದನ್ನು ಮನೆಯ ನಡುವಿಗೆ, ಆಳೆತ್ತರಕ್ಕೆ, ಕಬ್ಬಿಣದ ಕಪಾಟು, ದೊಡ್ಡ ಕನ್ನಡಿ, ಮೀನಿನ ತೊಟ್ಟಿಗಳಿಂದ ದೂರಕ್ಕೆ ತಂದರೆ ಖರ್ಚಿಲ್ಲದೆ ಅರ್ಧ ಕಾರ್ಯ ಸಾಧಿಸಿದಂತಾಯಿತು. ಬಳಿಕವೂ ಕೊನೆಯ ಕೋಣೆಗೆ ಸಂಕೇತ ತಲುಪದಿದ್ದರೆ ಮಾತ್ರ ವಿಸ್ತಾರಕವೊಂದನ್ನು ಕೊಳ್ಳಬಹುದು. ಸಂಕೇತವೇ ಇಲ್ಲದ ಆ ಕೋಣೆಯಲ್ಲಿ ಅದನ್ನು ಇಟ್ಟರೆ ಅದು ವಿಸ್ತರಿಸುವುದಾದರೂ ಏನನ್ನು? ಅದರ ಸ್ಥಾನ ರೂಟರಿಗೂ ಆ ಕೋಣೆಗೂ ನಡುವೆ, ಸಂಕೇತ ಇನ್ನೂ ಬಲವಾಗಿರುವಲ್ಲಿ.