ವ್ಯಾಕರಣ ಸರಿ, ಅರ್ಥ ಸ್ಪಷ್ಟವೇ?

ನಾವು ಪಾಠ ಮಾಡುವುದು ಕನ್ನಡದಲ್ಲಿ. ಆದರೆ ಪ್ರಯೋಗಾಲಯದ ಬಾಟಲಿಗಳ ಲೇಬಲ್ ಇಂಗ್ಲಿಷಿನಲ್ಲಿ. ಗೋಡೆಗೆ ಅಂಟಿಸುವ ಸೂಚನೆಯನ್ನೂ ಎಷ್ಟೋ ಸಲ ಇಂಗ್ಲಿಷಿನಲ್ಲೇ ಬರೆಯುತ್ತೇವೆ. ಬರೆದ ಮೇಲೆ ‘ವ್ಯಾಕರಣ ಸರಿ ಇದೆಯಾ?’ ಅಂತ ನೋಡುತ್ತೇವೆ. ಅಷ್ಟೇ ಸಾಲದು. ಓದಿದವರಿಗೆ ಒಂದೇ ಅರ್ಥ ಬರುತ್ತದೆಯೇ ಅಂತಲೂ ನೋಡಬೇಕು.

‘ಡೈಲ್ಯೂಟ್ ದಿ ಆಸಿಡ್ ವಿತ್ ವಾಟರ್’ ಎಂಬ ವಾಕ್ಯವನ್ನೇ ತೆಗೆದುಕೊಳ್ಳಿ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಯಾವುದನ್ನು ಯಾವುದಕ್ಕೆ ಸುರಿಯಬೇಕು? ವಾಕ್ಯ ಹೇಳುವುದೇ ಇಲ್ಲ. ಸಾರಯುಕ್ತ ಸಲ್ಫ್ಯೂರಿಕ್ ಆಮ್ಲದ ಸಾಂದ್ರತೆ ನೀರಿನ ಸುಮಾರು 1.8 ಪಟ್ಟು. ಅದಕ್ಕೆ ನೀರು ಸುರಿದರೆ ನೀರು ಮೇಲೆಯೇ ನಿಂತು, ಅಲ್ಲೇ ಹುಟ್ಟುವ ಶಾಖಕ್ಕೆ ಕುದಿದು, ಆಮ್ಲವನ್ನು ಮುಖಕ್ಕೆ ಸಿಡಿಸಬಹುದು. ಆಮ್ಲವನ್ನೇ ನಿಧಾನವಾಗಿ ನೀರಿಗೆ ಹಾಕಿ ಕಲಕಿದರೆ ಶಾಖ ಇಡೀ ನೀರಿಗೆ ಹರಡುತ್ತದೆ. ಹಾಗಾಗಿ ‘ಆಡ್ ದಿ ಆಸಿಡ್ ಸ್ಲೋಲಿ ಟು ದಿ ವಾಟರ್’ ಅಂತಲೇ ಬರೆಯಬೇಕು.

ಇಲ್ಲೂ ಒಂದು ಎಚ್ಚರ ಬೇಕು. ಕನ್ನಡದಲ್ಲಿ ‘ನೀರಿಗೆ ಆಮ್ಲ ಹಾಕಿ’ ಅಂದರೂ ‘ಆಮ್ಲ ನೀರಿಗೆ ಹಾಕಿ’ ಅಂದರೂ ಅರ್ಥ ಒಂದೇ. ‘ಗೆ’ ಪ್ರತ್ಯಯ ನಮ್ಮನ್ನು ಕಾಪಾಡುತ್ತದೆ. ಇಂಗ್ಲಿಷಿನಲ್ಲಿ ಆಸಿಡ್, ವಾಟರ್ ಎಂಬ ಎರಡು ಪದ ಅದಲುಬದಲಾದರೆ ಸೂಚನೆಯೇ ತಲೆಕೆಳಗು. ಕಂಪ್ಯೂಟರಿನ ಸ್ಪೆಲ್ಲಿಂಗ್ ತಪಾಸಣೆಗೆ ಅದು ಸಿಕ್ಕುವುದಿಲ್ಲ, ಏಕೆಂದರೆ ಅಕ್ಷರಗಳೆಲ್ಲ ಸರಿಯೇ ಇರುತ್ತವೆ.

‘ಇನ್‌ಫ್ಲೇಮಬಲ್’ ಪದವೂ ಹೀಗೆಯೇ. ‘ಇನ್’ ಕಂಡೊಡನೆ ‘ಉರಿಯದ್ದು’ ಅಂತ ಮಕ್ಕಳು ತಿಳಿಯಬಹುದು. ನಿಘಂಟಿನಲ್ಲಿ ಅದರ ಅರ್ಥ ‘ಸುಲಭವಾಗಿ ಹೊತ್ತಿಕೊಳ್ಳುವುದು’. ಸ್ಪಿರಿಟ್ ಬಾಟಲಿಗೆ ‘ಫ್ಲೇಮಬಲ್’ ಅಂತ ಬರೆಯಿರಿ, ಗೊಂದಲ ಇಲ್ಲ.

ಪರೀಕ್ಷಿಸುವ ಕ್ರಮ ಸರಳ. ಮೊದಲು ಪದಗಳನ್ನು ನಿಘಂಟಿನಲ್ಲಿ ನೋಡಿ. ಅಲ್ಲಿನ ಉದಾಹರಣೆ ವಾಕ್ಯ ಓದಿದರೆ ‘ಟು’ ಬರಬೇಕೋ ‘ವಿತ್’ ಬರಬೇಕೋ ತಿಳಿಯುತ್ತದೆ. ಆಮೇಲೆ ಪ್ರಯೋಗ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಟ್ಟು, ‘ಈಗ ಏನು ಮಾಡ್ತೀರಿ? ಕನ್ನಡದಲ್ಲಿ ಹೇಳಿ’ ಅಂತ ಕೇಳಿ. ‘ಅರ್ಥ ಆಯ್ತಾ?’ ಅಂತ ಕೇಳಬೇಡಿ. ಅದಕ್ಕೆ ಎಲ್ಲರೂ ‘ಹೂಂ’ ಅನ್ನುತ್ತಾರೆ. ಅವರು ಹೇಳಿದ್ದು ನೀವು ಅಂದುಕೊಂಡದ್ದಕ್ಕಿಂತ ಬೇರೆಯಾದರೆ, ತಿದ್ದಬೇಕಾದದ್ದು ಓದಿದವರನ್ನಲ್ಲ, ವಾಕ್ಯವನ್ನು.

ಮುಂದಿನ ಪ್ರಯೋಗದ ತರಗತಿಗೆ ಮೊದಲು ನಿಮ್ಮ ಶಾಲೆಯ ಗೋಡೆ, ಕಪಾಟುಗಳ ಮೇಲಿರುವ ಸೂಚನೆಗಳನ್ನು ಹೀಗೊಮ್ಮೆ ಓದಿ ನೋಡಿ. ಪಕ್ಕದಲ್ಲೇ ಕನ್ನಡದ ಒಂದು ಸಾಲನ್ನೂ ಸೇರಿಸಿ.