ಸ್ಟಿಂಗ್ ರೇ ಕಾರಿನ ಅಡಿಯಲ್ಲಿ

1963ರ ಷೆವರ್ಲೆ ಕಾರ್ವೆಟ್ ಸ್ಟಿಂಗ್ ರೇ ಎಂದೊಡನೆ ಕಾರುಪ್ರಿಯರಿಗೆ ನೆನಪಾಗುವುದು ಅದರ ಹಿಂಬದಿಯ ಗಾಜು. ಛಾವಣಿಯಿಂದ ಬಾಲದವರೆಗೆ ಇಳಿದ ಏಣೊಂದು ಆ ಗಾಜನ್ನು ಎರಡು ಹೋಳು ಮಾಡಿತ್ತು. ಜನರಲ್ ಮೋಟಾರ್ಸ್‌ನ ವಿನ್ಯಾಸ ಮುಖ್ಯಸ್ಥ ಬಿಲ್ ಮಿಚೆಲ್‌ಗೆ ಆ ಏಣೆಂದರೆ ಪ್ರಾಣ. ಕಾರ್ವೆಟ್‌ನ ಎಂಜಿನಿಯರ್ ಜೋರಾ ಆರ್ಕಸ್-ಡಂಟಾವ್‌ಗೆ ಮಾತ್ರ ಅದು ಕಣ್ಣಿಗೆ ಅಡ್ಡ: ಹಿಂದಿನ ರಸ್ತೆಯೇ ಸರಿಯಾಗಿ ಕಾಣದಿದ್ದರೆ ಹೇಗೆ? ಮೊದಲ ವರ್ಷ ಮಿಚೆಲ್ ಹಟ ಗೆದ್ದಿತು. 1964ರಲ್ಲಿ ಏಣು ಹೋಗಿ ಗಾಜು ಒಂದಾಯಿತು.

ಈ ಜಗಳದ ಕಥೆ ಎಷ್ಟು ಸ್ವಾರಸ್ಯವಾಗಿದೆಯೆಂದರೆ, ಕಾರಿನ ನಿಜವಾದ ಸಾಧನೆಯೇ ಅದರಲ್ಲಿ ಮರೆಯಾಗಿಬಿಡುತ್ತದೆ. ಅದನ್ನು ನೋಡಲು ಕಾರಿನಡಿಗೆ ಬಗ್ಗಬೇಕು.

1962ರವರೆಗಿನ ಕಾರ್ವೆಟ್‌ಗಳಲ್ಲಿ, ಲಾರಿಗಳಲ್ಲಿರುವಂತೆ, ಹಿಂದಿನ ಎರಡು ಚಕ್ರಗಳನ್ನೂ ಒಂದೇ ಗಟ್ಟಿ ಆಕ್ಸಲ್ ಜೋಡಿಸಿತ್ತು. ಒಂದು ಚಕ್ರ ಉಬ್ಬು ಹತ್ತಿದರೆ ಇನ್ನೊಂದೂ ವಾಲುತ್ತಿತ್ತು. ಭಾರವಾದ ಡಿಫರೆನ್ಷಿಯಲ್ ಕೂಡ ಆ ಆಕ್ಸಲ್‌ನಲ್ಲೇ ಇದ್ದುದರಿಂದ ಪ್ರತಿ ಕುಲುಕಿಗೂ ಅಷ್ಟು ತೂಕ ಮೇಲೆ ಕೆಳಗೆ ಆಡಬೇಕಿತ್ತು. ಹೀಗೆ ಆಡುವ ತೂಕ ಹೆಚ್ಚಿದಷ್ಟೂ ಚಕ್ರ ಮತ್ತೆ ನೆಲಕ್ಕೆ ಕಚ್ಚಿಕೊಳ್ಳುವುದು ತಡವಾಗುತ್ತದೆ. ತಿರುವಿನಲ್ಲಿ ವೇಗವಾಗಿ ಹೋಗುವಾಗ ಆ ತಡವೇ ಅಪಾಯ.

ಡಂಟಾವ್ ಡಿಫರೆನ್ಷಿಯಲ್ಲನ್ನು ಚಾಸಿಗೆ ಬಿಗಿದರು. ಅದರ ಎರಡೂ ಬದಿಗೆ ಕೀಲುಗಳುಳ್ಳ ಶಾಫ್ಟ್‌ಗಳನ್ನು ಜೋಡಿಸಿ, ಚಕ್ರಗಳು ತಮ್ಮ ಪಾಡಿಗೆ ತಾವು ಏರಿಳಿಯುವಂತೆ ಮಾಡಿದರು. ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ಆ ಶಾಫ್ಟ್‌ಗಳೇ ಚಕ್ರವನ್ನು ಮೇಲಿನಿಂದ ಹಿಡಿದಿಡುವ ತೋಳುಗಳೂ ಆದವು! ಕೆಳಗೆ ಒಂದು ಸರಳು, ಮುಂದಕ್ಕೆ ಚಾಚಿದ ಇನ್ನೊಂದು ತೋಳು. ಅಷ್ಟಕ್ಕೇ ಚಕ್ರದ ಚಲನೆ ಹದ್ದುಬಸ್ತಿಗೆ ಬಂತು. ಕಾಯಿಲ್ ಸ್ಪ್ರಿಂಗ್‌ಗಳ ಬದಲು ಒಂಬತ್ತು ಉಕ್ಕಿನ ಪಟ್ಟಿಗಳ ಒಂದೇ ಲೀಫ್ ಸ್ಪ್ರಿಂಗನ್ನು ಕಾರಿಗೆ ಅಡ್ಡಲಾಗಿ ಕೂರಿಸಲಾಯಿತು. ಹಳೆಯ ಕಾಲದ ಸಾಮಗ್ರಿಯಿಂದ ಇಷ್ಟು ಹೊಸ ಕೆಲಸ ತೆಗೆದ ಉದಾಹರಣೆಗಳು ವಾಹನ ಚರಿತ್ರೆಯಲ್ಲಿ ಹೆಚ್ಚಿಲ್ಲ.

ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವೂ 102 ಇಂಚಿನಿಂದ 98ಕ್ಕೆ ಇಳಿಯಿತು. 5.4 ಲೀಟರ್‌ನ ವಿ8 ಎಂಜಿನ್ ಮುಂದುಗಡೆಯೇ ಇದ್ದರೂ ತೂಕದ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಹಿಂದಿನ ಚಕ್ರಗಳ ಮೇಲೆ ಬೀಳುತ್ತಿತ್ತು. ಮೈಯೆಲ್ಲ ಫೈಬರ್‌ಗ್ಲಾಸ್, ಕೂರುವ ಜಾಗದ ಸುತ್ತ ಮಾತ್ರ ಉಕ್ಕಿನ ಪಂಜರ.

ಕೊರತೆಗಳಿರಲಿಲ್ಲವೆಂದಲ್ಲ. ಪೀಟರ್ ಬ್ರಾಕ್ ಮತ್ತು ಲ್ಯಾರಿ ಶಿನೋಡಾ ಅವರ ಕೈಯಲ್ಲಿ ಅರಳಿದ ಆ ಚೂಪು ಆಕಾರ ಗಾಳಿಯನ್ನು ಸೀಳುವಂತೆ ಕಾಣುತ್ತದೆ, ನಿಜ. ಆದರೆ ವೇಗ ಏರಿದಂತೆ ಗಾಳಿ ಕಾರಿನ ಮೂತಿಯನ್ನೇ ಎತ್ತುತ್ತಿತ್ತು. ಮೊದಲ ಎರಡು ವರ್ಷ ಡ್ರಮ್ ಬ್ರೇಕುಗಳನ್ನೇ ನೆಚ್ಚಿಕೊಳ್ಳಬೇಕಾಯಿತು. ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂದದ್ದು 1965ರಲ್ಲಿ.

ಎರಡು ಹೋಳಿನ ಗಾಜು ಬಾಳಿದ್ದು ಒಂದೇ ವರ್ಷ. ಆ ಮೈಕಟ್ಟು 1967ಕ್ಕೆ ಮುಗಿಯಿತು. ಡಂಟಾವ್ ರೂಪಿಸಿದ ಹಿಂಬದಿಯ ಸಸ್ಪೆನ್ಷನ್ ಏರ್ಪಾಡು ಮಾತ್ರ ಮುಂದಿನ ತಲೆಮಾರಿನ ಕಾರ್ವೆಟ್‌ನ ಅಡಿಯಲ್ಲೂ 1982ರವರೆಗೆ ಉಳಿಯಿತು.