ಕರಗಿದ ಕೊಬ್ಬು ಎಲ್ಲಿಗೆ ಹೋಯ್ತು?

ಮಕ್ಕಳೇ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇಪ್ಪತ್ತು, ಮೂವತ್ತು ಕಿಲೋ ತೂಕ ಇಳಿಸಿಕೊಂಡವರು ಇರಬಹುದು. ಅಷ್ಟಾದರೂ ಅವರು "ಎಲ್ಲಾ ಇಳೀತು, ಈ ಹೊಟ್ಟೆ ಮಾತ್ರ ಹೋಗ್ತಾ ಇಲ್ಲ" ಎಂದು ಕೊರಗುತ್ತಾರೆ. ಫೋಟೋ ತೆಗೆಯುವಾಗ ಹಿಂದೆ ಸರಿದು ನಿಲ್ಲುತ್ತಾರೆ. ಅವರ ಪ್ರಯತ್ನ ಸೋತಿತೇ? ವಿಜ್ಞಾನವನ್ನೇ ಕೇಳೋಣ.

ಉಸಿರಿನಲ್ಲಿ ಹೊರಟ ಕೊಬ್ಬು

ಕರಗಿದ ಕೊಬ್ಬು ಎಲ್ಲಿಗೆ ಹೋಯ್ತು? "ಬೆವರಾಗಿ ಹೋಯ್ತು", "ಶಾಖವಾಯ್ತು" ಅಂತ ಹೇಳುವವರೇ ಹೆಚ್ಚು. ಆಸ್ಟ್ರೇಲಿಯಾದ ರೂಬೆನ್ ಮೀರ್‌ಮನ್ ಮತ್ತು ಆಂಡ್ರ್ಯೂ ಬ್ರೌನ್ 2014ರಲ್ಲಿ ಇದರ ಲೆಕ್ಕ ಕೊಟ್ಟರು. 10 ಕಿಲೋ ಕೊಬ್ಬು ಪೂರ್ತಿ ಬಳಕೆಯಾಗಲು ಸುಮಾರು 29 ಕಿಲೋ ಆಮ್ಲಜನಕ ಬೇಕು. ಕೊನೆಗೆ ಸಿಗುವುದು 28 ಕಿಲೋ ಕಾರ್ಬನ್ ಡೈಆಕ್ಸೈಡ್ ಮತ್ತು 11 ಕಿಲೋ ನೀರು. ಎರಡೂ ಕಡೆ ಕೂಡಿಸಿ ನೋಡಿ, 39 ಕಿಲೋ. ದ್ರವ್ಯರಾಶಿ ಸಂರಕ್ಷಣೆಯ ನಿಯಮ ನಮ್ಮ ಹೊಟ್ಟೆಯಲ್ಲೂ ತಪ್ಪುವುದಿಲ್ಲ! ಆ 10 ಕಿಲೋದಲ್ಲಿ 8.4 ಕಿಲೋ ಉಸಿರಿನಲ್ಲಿ ಅನಿಲವಾಗಿ, ಉಳಿದ 1.6 ಕಿಲೋ ನೀರಾಗಿ ಹೋಗುತ್ತದೆ. ಹಾಗಂತ ಕುಳಿತಲ್ಲೇ ಜೋರಾಗಿ ಉಸಿರಾಡಿದರೆ ತೂಕ ಇಳಿಯದು, ತಲೆ ಸುತ್ತುತ್ತದೆ ಅಷ್ಟೇ. ಸ್ನಾಯುಗಳು ದುಡಿಯಬೇಕು.

ಹೊಟ್ಟೆಗೆ ಮಾತ್ರ ವ್ಯಾಯಾಮ ಮಾಡಿದರೆ?

ದುಡಿಯುವ ಸ್ನಾಯು ಪಕ್ಕದ ಕೊಬ್ಬನ್ನೇ ತೆಗೆದುಕೊಳ್ಳುವುದಿಲ್ಲ. ಕೊಬ್ಬಿನ ಕೋಶಗಳು ಕೊಬ್ಬಿನಾಮ್ಲಗಳನ್ನು ರಕ್ತಕ್ಕೆ ಬಿಡುತ್ತವೆ, ರಕ್ತ ಅದನ್ನು ಬೇಕಾದ ಕಡೆ ಒಯ್ಯುತ್ತದೆ. ಟೆನಿಸ್ ಆಟಗಾರರು ವರ್ಷಗಟ್ಟಲೆ ಒಂದೇ ಕೈಯಲ್ಲಿ ಬ್ಯಾಟ್ ಬೀಸುತ್ತಾರೆ. 1971ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅವರ ಎರಡೂ ಕೈಗಳನ್ನು ಅಳೆದರು. ಆಡುವ ಕೈ ದಪ್ಪವಾಗಿತ್ತು, ಆದರೆ ಚರ್ಮದಡಿಯ ಕೊಬ್ಬು ಎರಡರಲ್ಲೂ ಒಂದೇ ಸಮ ಇತ್ತು. ಹೊಟ್ಟೆಗೆ ಬಿಗಿಯುವ ಬೆಲ್ಟು, ಹಚ್ಚುವ ಎಣ್ಣೆಗಳ ಜಾಹೀರಾತು ನೋಡಿದಾಗ ಈ ಮಾತು ನೆನಪಿರಲಿ.

ಖಾಲಿಯಾದ ಚೀಲಗಳು

ಹೊಟ್ಟೆಯ ಕೊಬ್ಬಿನಲ್ಲಿ ಎರಡು ಬಗೆ. ಕರುಳು, ಯಕೃತ್ತಿನ ಸುತ್ತ ಇರುವುದು ಒಳಗಿನದು. ಸಕ್ಕರೆ ಕಾಯಿಲೆ, ಹೃದಯದ ತೊಂದರೆಗಳಿಗೆ ಹೆಚ್ಚು ದಾರಿ ಮಾಡುವುದು ಅದೇ. ತೂಕ ಇಳಿಸುವಾಗ ಸಾಮಾನ್ಯವಾಗಿ ಮೊದಲು ಬೇಗ ಇಳಿಯುವುದೂ ಅದೇ! ಕೊನೆಗೆ ಕಣ್ಣಿಗೆ ಕಾಣುತ್ತಾ ಉಳಿಯುವುದು ಚರ್ಮದಡಿಯದು, ಜೊತೆಗೆ ಹಿಗ್ಗಿ ಸಡಿಲವಾದ ಚರ್ಮ. ಅಂದರೆ ಹೊರಗೆ ಹೊಟ್ಟೆ ಕಂಡರೂ ಒಳಗೆ ದೊಡ್ಡ ಗೆಲುವು ಆಗಿರಬಹುದು.

ಸ್ವೀಡನ್ನಿನ ವಿಜ್ಞಾನಿಗಳು 2008ರಲ್ಲಿ ಇನ್ನೊಂದು ಸಂಗತಿ ತಿಳಿಸಿದರು. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14ರ ಗುರುತು ಹಿಡಿದು ಅವರು ಕೊಬ್ಬಿನ ಕೋಶಗಳ ವಯಸ್ಸು ಲೆಕ್ಕ ಹಾಕಿದರು. ದೊಡ್ಡವರಲ್ಲಿ ವರ್ಷಕ್ಕೆ ಸುಮಾರು 10% ಕೋಶಗಳು ಸತ್ತು ಹೊಸವು ಬರುತ್ತವೆ, ಒಟ್ಟು ಸಂಖ್ಯೆ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ತೂಕ ಇಳಿದಾಗ ಕೋಶಗಳು ಕುಗ್ಗುತ್ತವೆ, ಮಾಯವಾಗುವುದಿಲ್ಲ. ಸುಗ್ಗಿ ಮುಗಿದ ಮೇಲೆ ಖಾಲಿ ಚೀಲಗಳು ಮನೆಯಲ್ಲೇ ಉಳಿದ ಹಾಗೆ. ಇಳಿಸಿದ ತೂಕವನ್ನು ಹಾಗೇ ಕಾಪಾಡಿಕೊಳ್ಳುವುದೂ ದೊಡ್ಡ ಸಾಧನೆ ಯಾಕೆ ಅಂತ ಈಗ ಗೊತ್ತಾಯ್ತಲ್ಲ?

ಮನಸ್ಸಿಗೂ ಸಮಯ ಬೇಕು

ದೇಹ ಬದಲಾದಷ್ಟು ಬೇಗ ಮನಸ್ಸಿನೊಳಗಿನ ಚಿತ್ರ ಬದಲಾಗುವುದಿಲ್ಲ. ತೂಕ ಇಳಿದ ಎಷ್ಟೋ ಜನ ಬಾಗಿಲಲ್ಲಿ ಈಗಲೂ ಓರೆಯಾಗಿ ನಡೆಯುತ್ತಾರೆ, ಹಳೆಯ ದೊಡ್ಡ ಅಂಗಿಯನ್ನೇ ಹುಡುಕುತ್ತಾರೆ. ಅಂಥವರಿಗೆ ಕನ್ನಡಿಗಿಂತ ಕೆಲಸದ ಲೆಕ್ಕ ಒಳ್ಳೆಯದು. ಏದುಸಿರಿಲ್ಲದೆ ಎಷ್ಟು ಮೆಟ್ಟಿಲು ಹತ್ತಿದೆ? ಎಷ್ಟು ದೂರ ನಡೆದೆ? ನೀವು ಅವರ ಹೊಟ್ಟೆಯ ಮಾತೆತ್ತಬೇಡಿ, "ಬನ್ನಿ, ನಡೆದು ಬರೋಣ" ಅನ್ನಿ. ತರಗತಿಯಲ್ಲಿ ಯಾರನ್ನಾದರೂ "ಡುಮ್ಮ" ಅಂತ ಕರೆಯುತ್ತಿದ್ದರೆ ಇವತ್ತೇ ನಿಲ್ಲಿಸಿ.

ನಿಮಗೊಂದು ಎಚ್ಚರಿಕೆ. ನೀವಿನ್ನೂ ಬೆಳೆಯುವ ಮಕ್ಕಳು, ಉಪವಾಸ ಬಿದ್ದು ತೂಕ ಇಳಿಸಲು ಹೋಗಬೇಡಿ. ಜತ್ತದ ಜೋಳದ ರೊಟ್ಟಿ, ಮಡಕಶಿರಾದ ರಾಗಿ ಮುದ್ದೆ, ಕಾಸರಗೋಡಿನ ಕುಚ್ಚಲಕ್ಕಿ ಗಂಜಿ ಯಾವುದೂ ನಿಮ್ಮ ಶತ್ರುವಲ್ಲ. ಕಾಳು, ಸೊಪ್ಪು ಜೊತೆಗಿರಲಿ, ಸಂಜೆ ಆಟ ಇರಲಿ. ತೂಕದ ಚಿಂತೆ ಕಾಡಿದರೆ ಮನೆಯವರೊಡನೆ ವೈದ್ಯರ ಬಳಿ ಹೋಗಿ.

ಮಾಡಿ ನೋಡಿ

ಶಿಕ್ಷಕರ ಜೊತೆಯಲ್ಲಿ ಎರಡು ಲೋಟಗಳಲ್ಲಿ ಒಂದೇ ಅಳತೆಯ ಸುಣ್ಣದ ತಿಳಿನೀರು ತೆಗೆದುಕೊಳ್ಳಿ. ಸುಮ್ಮನೆ ಕುಳಿತು ಒಂದಕ್ಕೆ ಕೊಳವೆಯಿಂದ ಊದಿ. ಮೈದಾನ ಎರಡು ಸುತ್ತು ಓಡಿ ಬಂದ ಕೂಡಲೇ ಇನ್ನೊಂದಕ್ಕೆ ಊದಿ. ನೀರನ್ನು ಒಳಗೆ ಎಳೆಯಬಾರದು, ಕಣ್ಣಿಗೂ ಸಿಡಿಯಬಾರದು. ಯಾವುದು ಬೇಗ ಹಾಲಿನಂತಾಯ್ತು? ಯಾಕೆ?